ಎಡಚಿಯ ಹನ್ನೊಂದನೇ ನಂಬರ್

“ಎರಡೂ ಒಂದೇ ತರ ಇದೆಯಲ್ಲ ಮೇಡಂ!”

“ಹೋದ ವಾರಾನೂ ಹೀಗೇ ಅಂದ್ರಿ ಮೇಸ್ತ್ರಿಗಳೇ. ಇನ್ನೊಂದ್ಸಲ ನೋಡಿ. ಅವಸರ ಏನಿಲ್ಲ, ನಂಗೆ ಸಾಯಂಕಾಲದವರೆಗೂ ಟೈಮಿದೆ.”

ಮೇಸ್ತ್ರಿ ಮತ್ತೆ ಒಂದು ಸಿಗಾರ್ ಎತ್ತಿಕೊಂಡ. ಮೂಗಿನ ಕೆಳಗೆ ಹಿಡಿದ, ಎರಡು ಬೆರಳುಗಳ ನಡುವೆ ಮೆಲ್ಲಗೆ ಒತ್ತಿದ, ಕಿವಿಯ ಹತ್ತಿರ ತಂದು ಹೊರಳಿಸಿದ. ಆಮೇಲೆ ಇನ್ನೊಂದಕ್ಕೂ ಅದೇ ಉಪಚಾರ. ಕಿಟಕಿಯ ಪಕ್ಕ ಕೂತು ಶಾಲೆಯ ಉತ್ತರಪತ್ರಿಕೆ ತಿದ್ದುತ್ತಿದ್ದ ಅವನ ಮಗಳು ಕೆಂಪು ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು. ಆ ಕಣ್ಣಲ್ಲಿ ಎಷ್ಟು ಹೆಮ್ಮೆ! ಎಂಬತ್ತೊಂದು ವರ್ಷದ ಅಪ್ಪ, ಹನ್ನೊಂದನೇ ನಂಬರ್ ಅನ್ನೋ ಸಿಗಾರನ್ನು ಹುಟ್ಟಿಸಿದ ಅಪ್ಪ!

“ಇದು,” ಎಂದ ಮೇಸ್ತ್ರಿ ಕೊನೆಗೆ. “ಇದೇ ನನ್ನ ಹನ್ನೊಂದು. ಅಲ್ಲ, ತಾಳಿ ತಾಳಿ... ಇದು.”

“ಖಂಡಿತಾನಾ?”

“ಖಂಡಿತ ಅಂದ್ರೆ... ನೀವೇನಂತೀರಿ?”

“ನಾನೇನನ್ಲಿ? ಮಾಡಿದವರು ನೀವು.”

ಮೇಡಂ ಬ್ಯಾಗಿನಿಂದ ಪುಟ್ಟ ನೋಟ್‌ಬುಕ್ ತೆಗೆದು, ಬಲಗೈಯಲ್ಲಿ ಏನೋ ಒಂದು ಅಕ್ಷರ ಬರೆದು, ಮುಚ್ಚಿಟ್ಟಳು. ಸರಿ ಅನ್ನಲಿಲ್ಲ, ತಪ್ಪು ಅನ್ನಲಿಲ್ಲ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಇದು ಆರನೇ ಗುರುವಾರ. ಆರು ಗುರುವಾರವೂ ಇದೇ ಆಟ: ನಾಲ್ಕು ಗಂಟೆಗೆ ಸರಿಯಾಗಿ ಕಾರು, ಗೇಟಿನ ಸದ್ದು, ಮೇಜಿನ ಮೇಲೆ ಎರಡು ಸಿಗಾರ್. ಒಂದು ಅಸಲಿ ಹನ್ನೊಂದು, ಇನ್ನೊಂದು ಅದೇ ಎಲೆ, ಅದೇ ತೂಕ, ಅದೇ ಬಣ್ಣದ ನಕಲಿ. ಯಾವುದು ಯಾವುದೆಂದು ಮೇಸ್ತ್ರಿ ಹೇಳಬೇಕು, ಅಷ್ಟೇ. ಮೊದಲ ವಾರ ಠೀವಿಯಿಂದ ಹೇಳಿದ್ದ. ಎರಡನೇ ವಾರ ಕೆಮ್ಮಿ ಹೇಳಿದ್ದ. ಐದನೇ ವಾರದ ಹೊತ್ತಿಗೆ, ಮಗಳೇ ಬಾಗಿಲಲ್ಲಿ ಪಿಸುಗುಟ್ಟಿದಂತೆ, ಬುಧವಾರವೇ ಊಟ ಸೇರುತ್ತಿರಲಿಲ್ಲವಂತೆ.

ಆ ಮಾತು ಕೇಳಿ ಮೇಡಂಗೆ ಎಷ್ಟು ಖುಷಿಯಾಯಿತೆಂದರೆ, ಮನೆಗೆ ಹೋಗಿ ಎರಡು ಸಲ ಊಟ ಮಾಡಿದ್ದಳು!

ಅವಳೆಂದರೆ ಯಾರು? ಆಫೀಸಿನಲ್ಲಿ ಅವಳಿಗೆ ‘ದೊಡ್ಡ ಮೇಡಂ’ ಅನ್ನುತ್ತಾರೆ. ಮೂರು ದೇಶಗಳಿಗೆ ಸಿಗಾರ್ ಕಳಿಸುವ ಕಂಪನಿಯ ಎಕ್ಸಿಕ್ಯುಟಿವ್ ಡೈರೆಕ್ಟರ್. ಐದನೇ ಮಹಡಿಯ ಮೂಲೆ ಕೋಣೆ, ಎರಡು ಫೋನು, ಮೇಜಿನ ಮೇಲೆ ಫೈಲು ಒಂದೂ ಇಲ್ಲ, ಅದರ ಬದಲು ಮರದ ತಟ್ಟೆಯಲ್ಲಿ ಹೊಗೆಸೊಪ್ಪಿನ ಎಲೆಗಳು. ಯಾವುದಾದರೂ ಮ್ಯಾನೇಜರು ಸುಳ್ಳು ಹೇಳಲು ಬಾಯಿ ತೆರೆದರೆ ಅವಳು ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದು ನೋಡುತ್ತ ಕೂರುತ್ತಾಳೆ. ಸುಳ್ಳು ಅರ್ಧಕ್ಕೇ ನಿಂತುಹೋಗುತ್ತದೆ. ವಯಸ್ಸು ಐವತ್ತನಾಲ್ಕು, ಕೂದಲು ಕತ್ತಿನವರೆಗೆ ಕತ್ತರಿಸಿದ್ದು, ಕನ್ನಡಕ ದಪ್ಪ. ಮನೆಯಲ್ಲಿ ಅಕ್ಕ ಒಬ್ಬಳು ಮಾತ್ರ ಅವಳನ್ನು ಹಳೇ ಹೆಸರಿನಿಂದ ಕರೆಯುತ್ತಾಳೆ: ಎಡಚಿ.

ಆ ಹೆಸರಿಟ್ಟವನು ಬೇರೆ ಯಾರೂ ಅಲ್ಲ, ಈಗ ಎದುರಿಗೆ ಕೂತು ಬೆವರು ಒರೆಸಿಕೊಳ್ಳುತ್ತಿರುವ ಇದೇ ಮೇಸ್ತ್ರಿ!

ಮತ್ತೆ, ಅವನಿಗೆ ಅವಳ ಗುರುತು ಹತ್ತಿರಲಿಲ್ಲ. ಒಂದು ಚೂರೂ ಹತ್ತಿರಲಿಲ್ಲ. ಮೊದಲನೇ ಗುರುವಾರ ಅವನು ಕಾಫಿ ಕಪ್ಪು ಅವಳ ಕಡೆ ಸರಿಸಿ ನಕ್ಕಿದ್ದ: “ನಿಮ್ಮಂಥವರು ಎಲೆ ಕೈಯಲ್ಲಿ ಮುಟ್ಟಿರಲ್ಲ ಬಿಡಿ ಮೇಡಂ. ಎಲ್ಲಾ ಕಂಪ್ಯೂಟರಲ್ಲೇ!” ಅವಳು “ಹೌದು ಮೇಸ್ತ್ರಿಗಳೇ, ನಿಮ್ಮ ಕಾಲವೇ ಬೇರೆ” ಎಂದಿದ್ದಳು. ಬಾಯಲ್ಲಿ ಬಹುವಚನ, ಹೊಟ್ಟೆಯಲ್ಲಿ ಏಕವಚನ. ಅವನು ಮಾಡಿದ್ದನ್ನು ಮೂವತ್ತನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡು ಬಂದಿದ್ದಳು. ಅವನು ಮರೆತೇಬಿಟ್ಟಿದ್ದಾನೆ ಅನ್ನುವುದು ಗೊತ್ತಾದ ಆ ಗಳಿಗೆಯಲ್ಲಿ ಹತ್ತಿದ ಉರಿ ಮಾತ್ರ ಹೊಸದು.

ಅವಳು ಹದಿನೇಳಕ್ಕೆ ಫ್ಯಾಕ್ಟರಿ ಸೇರಿದಳು, ಅಕ್ಕನ ಹಿಂದೆ ಹಿಂದೆ. ಉದ್ದನೆಯ ಹಾಲ್, ಎತ್ತರದಲ್ಲಿ ಕಿಟಕಿ, ಎಲೆ ಒಣಗಬಾರದೆಂದು ಯಾವಾಗಲೂ ಒದ್ದೆ ಗಾಳಿ, ಸಾಲು ಸಾಲು ಬೆಂಚು. ಮೊದಲ ದಿನ ಮೇಸ್ತ್ರಿ ಅವಳ ಕೈ ಹಿಡಿದೆತ್ತಿ ಎಲ್ಲರಿಗೂ ತೋರಿಸಿದ್ದ. “ಇದೇನೇ ಇದು, ಬೆಕ್ಕಿನ ಉಗುರಾ? ಎಲೆ ಹರಿಯುತ್ತೆ. ಹೋಗು, ಉಗುರು ಕತ್ತರಿಸ್ಕೊಂಡು ಬಾ!” ಇಡೀ ಹಾಲ್ ನಕ್ಕಿತು. ವಾಪಸ್ ಬಂದಾಗ ಚಾಕು ಹಿಡಿದದ್ದು ಎಡಗೈಯಲ್ಲಿ. ಮತ್ತೆ ನಗು. “ಓಹೋ, ಎಡಚಿ ಬೇರೆ!”

ಜಾಗ ಸಿಕ್ಕಿದ್ದು ಅಕ್ಕನ ಎದುರಿಗೆ. ಪಕ್ಕದಲ್ಲಲ್ಲ, ಎದುರಿಗೆ, ಮೇಜಿನ ಆಚೆ. ಕಲಿಸಲು ಯಾರಿಗೂ ಪುರಸೊತ್ತಿರಲಿಲ್ಲ, ನೋಡಿ ಕಲಿಯಬೇಕು. ಅವಳು ಅಕ್ಕನ ಕೈಯನ್ನೇ ಕಣ್ಣು ಮಿಟುಕಿಸದೆ ನೋಡಿ ಕಲಿತಳು. ಸಿಗಾರಿನ ಒಳಗೆ ಮೂರು ತರದ ಎಲೆ ಸೇರಿಸುತ್ತಾರೆ: ಗಿಡದ ಕೆಳಗಿನದು ಚೆನ್ನಾಗಿ ಉರಿಯಲಿಕ್ಕೆ, ನಡುವಿನದು ಘಮಕ್ಕೆ, ತುದಿಯದು ಖಾರಕ್ಕೆ. ಮೂರನ್ನೂ ಒಂದೇ ದಿಕ್ಕಿಗೆ ಇಡಬೇಕು, ಎಲೆಯ ಚೂಪು ತುದಿ ಬೆಂಕಿ ಹಚ್ಚುವ ಕಡೆ, ದಂಟಿನ ಕಡೆ ಬಾಯಿಗೆ. ಚೂಪು ತುದಿ ಮೆದು, ದಂಟಿನ ಕಡೆ ಜೋರು. ಹಾಗಾಗಿ ಸಿಗಾರ್ ಮೆತ್ತಗೆ ಶುರುವಾಗಿ ಖಾರವಾಗುತ್ತ ಹೋಗುತ್ತದೆ. ಎಲ್ಲ ಸಿಗಾರೂ ಹೀಗೇ. ಆದರೆ ಎದುರಿಗೆ ಕೂತು, ಅದರ ಮೇಲೆ ಎಡಗೈ ಬೇರೆ, ಆ ಹುಡುಗಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಕಂಡಿತು. ಎರಡು ಎಲೆ ಹೇಗೋ ಸರಿಹೋದವು. ಕೊನೆಯಲ್ಲಿ ಇಡುವ ಖಾರದ ಎಲೆಯನ್ನು ಮಾತ್ರ ಅವಳು ಉಲ್ಟಾ ಇಡುತ್ತಿದ್ದಳು. ತಲೆ ಇರಬೇಕಾದಲ್ಲಿ ಬಾಲ! ಸುತ್ತಿ ಮುಗಿಸಿದ ಮೇಲೆ ಯಾರಿಗೆ ಕಾಣುತ್ತದೆ? ಅವಳಿಗೇ ಗೊತ್ತಿರಲಿಲ್ಲ.

ಮೂರು ವರ್ಷವಾದ ಮೇಲೆ ಮಾಲೀಕರಿಗೆ ಹೊಸ ಸಿಗಾರ್ ಬೇಕೆನಿಸಿತು. ಸುತ್ತುವವರೆಲ್ಲ ಎಲೆಗಳ ಲೆಕ್ಕ ತಾವೇ ಯೋಚಿಸಿ ಒಂದೊಂದು ಮಾದರಿ ಕೊಡಿ ಎಂದರು. ನಲವತ್ತು ಮಾದರಿ ಬಂದವು, ಹೆಸರಿಲ್ಲದೆ, ಬರೀ ನಂಬರ್ ಹಾಕಿ. ಹೊರದೇಶದ ವ್ಯಾಪಾರಿ ಒಬ್ಬ ಇಡೀ ದಿನ ಕೂತು ಒಂದೊಂದನ್ನೇ ಎಳೆದು, ಹನ್ನೊಂದಕ್ಕೆ ಬಂದಾಗ ಎದ್ದು ನಿಂತನಂತೆ. “ಇದು ಖಾರವಾಗಿ ಶುರುವಾಗಿ, ಕೊನೆಗೆ ಜೇನಿನ ಹಾಗೆ ಮೆತ್ತಗಾಗುತ್ತೆ! ಇಂಥದ್ದು ನಾನು ಕಂಡೇ ಇಲ್ಲ. ಯಾರು ಮಾಡಿದ್ದು?”

ಯಾವ ನಂಬರ್ ಯಾರದೆಂದು ಗೊತ್ತಿದ್ದವನು ಮೇಸ್ತ್ರಿ ಒಬ್ಬನೇ. ಒಂದು ಕ್ಷಣವೂ ತಡಮಾಡಲಿಲ್ಲ. “ನಾನೇ ಸರ್,” ಎಂದ.

ಅವತ್ತು ಸಾಯಂಕಾಲ ಅವನು ಎಡಚಿಯ ಬೆಂಚಿಗೆ ಬಂದು, ಬಹಳ ಅಕ್ಕರೆಯಿಂದ, ಯಾವ ಎಲೆ ಎಷ್ಟು ಹಾಕಿದ್ದೀಯೆಂದು ಕೇಳಿ ಬರೆದುಕೊಂಡ. ಅವಳು ಬಡಬಡ ಹೇಳಿಬಿಟ್ಟಳು, ಪಾಪ, ಬಹುಮಾನ ಬರುತ್ತದೆ ಅಂದುಕೊಂಡು! ಬಂದದ್ದು ಏನು? ನಾಲ್ಕನೇ ದಿನ ಗೇಟಿನಲ್ಲಿ ತಪಾಸಣೆ. ಅವಳ ಊಟದ ಡಬ್ಬಿಯಲ್ಲಿ, ಕಾಗದ ಸುತ್ತಿದ ಏಳು ಸಿಗಾರ್.

ಮೇಸ್ತ್ರಿ ಅವಳ ಸ್ಟೂಲನ್ನೇ ಒಳಗಿನಿಂದ ತರಿಸಿ ಗೇಟಿನ ಪಕ್ಕ ಹಾಕಿಸಿದ. ಅವಳನ್ನು ಹತ್ತಿಸಿ ನಿಲ್ಲಿಸಿದ. ತೆರೆದ ಡಬ್ಬಿ ಕೈಗೆ ಕೊಟ್ಟ. “ಎಡಗೈಯಲ್ಲಿ ಹಿಡ್ಕೋ. ಕಳ್ಳಗೈ ಅದೇ ತಾನೆ?” ಇನ್ನೂರು ಜನ ಒಬ್ಬೊಬ್ಬರಾಗಿ ಅವಳ ಮುಂದೆ ದಾಟಿಹೋದರು. ಅಕ್ಕನೂ ದಾಟಿದಳು, ಕಣ್ಣು ನೆಲಕ್ಕೆ ಹಾಕಿ. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಯಲ್ಲಿ ಉಳಿದಿದ್ದದ್ದು ಅಕ್ಕನ ಕೆಲಸ ಒಂದೇ. ಅದನ್ನೂ ಕಳೆದುಕೊಳ್ಳುವ ಹಾಗಿರಲಿಲ್ಲ. ಎಡಚಿಗೆ ಅದು ಅರ್ಥವಾಗಿತ್ತು. ಅಕ್ಕನನ್ನು ಅವಳು ಆಗಲೇ ಕ್ಷಮಿಸಿದ್ದಳು. ಅಕ್ಕ ಮಾತ್ರ ತನ್ನನ್ನು ತಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಬೇರೆ ಊರು, ಬೇರೆ ಕಂಪನಿ. ಅಲ್ಲಿ ಅವಳು ಸುತ್ತಿದ ಮೊದಲ ಸಿಗಾರನ್ನು ಒಬ್ಬ ಹಿರಿಯ ಕೆಲಸಗಾರ್ತಿ ಉದ್ದಕ್ಕೆ ಸೀಳಿ ನೋಡಿ ಬಿದ್ದು ಬಿದ್ದು ನಕ್ಕಳು: “ಅಯ್ಯೋ ಮಗಳೇ, ಖಾರದ ಎಲೆ ಉಲ್ಟಾ ಇಟ್ಟಿದೀಯಲ್ಲೇ!” ಎಡಚಿ ನಗಲಿಲ್ಲ. ಹನ್ನೊಂದರ ಗುಟ್ಟು ಇದು! ಕದ್ದವನ ಕಾಗದದಲ್ಲಿ ಎಲೆಗಳ ಹೆಸರಿದೆ, ತೂಕವಿದೆ, ಇದು ಇಲ್ಲ! ಅವಳು ಆ ದಿನದಿಂದ ಎಲೆಯನ್ನು ಎಲ್ಲರ ಹಾಗೆ ನೇರ ಇಡಲು ಕಲಿತಳು, ಮತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಸುತ್ತುವುದರಿಂದ ಎಲೆ ವಿಂಗಡಿಸುವುದಕ್ಕೆ, ಅಲ್ಲಿಂದ ಎಲೆ ಕೊಳ್ಳುವುದಕ್ಕೆ ಹೋದಳು. ಹತ್ತು ವರ್ಷ ಒಣಹಾಕುವ ಕೊಟ್ಟಿಗೆಗಳಲ್ಲಿ ಏಣಿ ಹತ್ತಿ ಇಳಿದಳು, ಕಣ್ಣು ಮುಚ್ಚಿ ಮೂಸಿ ಇದು ಯಾವ ತೋಟದ ಯಾವ ಕೊಯ್ಲು ಎಂದು ಹೇಳುವಷ್ಟಾದಳು. ಇಂಗ್ಲಿಷು ಕಲಿತದ್ದು ಪೆಟ್ಟಿಗೆಗಳ ಮೇಲಿನ ಲೇಬಲ್ ಓದಿ. ಸೂಟು ಹಾಕಿದವರ ಮೀಟಿಂಗಿನಲ್ಲಿ ಮೊದಲ ಸಲ ಕೂತಾಗ ಅವಳು ಎಡಗೈಯನ್ನು ಮಡಿಲಲ್ಲಿ ಮುಚ್ಚಿಟ್ಟಿದ್ದಳು. ಬಲಗೈಯಲ್ಲಿ ಸಹಿ ಹಾಕುವುದನ್ನು ಒಂದು ಇಡೀ ಮಳೆಗಾಲ ಕೂತು ರೂಢಿ ಮಾಡಿಕೊಂಡಳು.

ಅತ್ತ ಹಳೇ ಫ್ಯಾಕ್ಟರಿಯಲ್ಲಿ ಒಂದು ಮಜಾ ನಡೆಯಿತು. ಹನ್ನೊಂದಕ್ಕೆ ಆರ್ಡರ್ ಬಂದಾಗ ಮೇಸ್ತ್ರಿಯ ಕಾಗದ ನೋಡಿ ಸುತ್ತಿದರೆ ಆ ರುಚಿಯೇ ಬರಲಿಲ್ಲ. ಅಕ್ಕ ತನ್ನ ಡ್ರಾಯರಿನಲ್ಲಿ ತಂಗಿಯದೊಂದು ಹಳೇ ಸಿಗಾರ್ ಇಟ್ಟುಕೊಂಡಿದ್ದಳು, ನೆನಪಿಗೆ. ಅದನ್ನು ಬಿಚ್ಚಿ ನೋಡಿದಳು. ಉಲ್ಟಾ ಎಲೆ ಕಂಡಿತು. ಏನೂ ಹೇಳದೆ ತಾನೂ ಹಾಗೇ ಇಟ್ಟಳು. ಬೆಂಚಿನ ಉಳಿದವರು ಅವಳನ್ನು ನೋಡಿ ಇಟ್ಟರು. ಹದಿನೆಂಟು ವರ್ಷ ಹನ್ನೊಂದು ಲೋಕವೆಲ್ಲ ಮೆರೆಯಿತು. ಮೇಸ್ತ್ರಿ ಮ್ಯಾನೇಜರಾದ, ಪೇಪರಿನಲ್ಲಿ ಫೋಟೋ ಬಂತು, ಭಾಷಣ ಮಾಡಿದ. ಅಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಆಮೇಲೆ ಮೆಷಿನ್ ಬಂತು, ಬೆಂಚು ಖಾಲಿಯಾಯಿತು, ಹೊಸಬರು ಕಾಗದ ನೋಡಿ ಕಲಿತರು. ಹನ್ನೊಂದು ಸತ್ತುಹೋಯಿತು. ಅದೇ ವರ್ಷ ಮೇಸ್ತ್ರಿ ರಿಟೈರ್ ಆದದ್ದರಿಂದ ಜನ ಏನಂದರು ಗೊತ್ತಾ? “ನೋಡಿ, ಆ ಮಹಾನುಭಾವರು ಹೋದ್ರು, ರುಚೀನೂ ಹೋಯ್ತು!” ಅವನನ್ನೇ ಕೇಳಿದರೆ, “ಮಣ್ಣು ಬದಲಾಗಿದೆ” ಎಂದು ತಲೆ ಆಡಿಸುತ್ತಿದ್ದ.

ಈ ವರ್ಷ ಎಡಚಿಯ ಕಂಪನಿ ಆ ಹಳೇ ಕಂಪನಿಯನ್ನು ಕೊಂಡುಕೊಂಡಿತು. ಹನ್ನೊಂದನ್ನು ಮತ್ತೆ ಹೊರತರಬೇಕೆಂದು ಬೋರ್ಡು ಕುಣಿಯಿತು. “ಆ ಮುದುಕರ ಮುಖ ಬ್ಯಾಂಡಿನ ಮೇಲೆ ಹಾಕೋಣ,” ಎಂದರು ಚೇರ್ಮನ್, ಸಿಗಾರಿನ ಕತ್ತಿಗೆ ಸುತ್ತುವ ಬಣ್ಣದ ಕಾಗದಪಟ್ಟಿಯನ್ನು ತೋರಿಸುತ್ತ. ಎಡಚಿ ಬೇಡವೆನ್ನಲಿಲ್ಲ. “ಹಾಕೋಣ ಸರ್. ಅಸಲಿ ಯಾವುದು ಅಂತ ಅವರು ಗುರುತು ಹಿಡಿದ ದಿನ ನಾನು ಸಹಿ ಹಾಕ್ತೀನಿ. ಮಾಡಿದವರಿಗೆ ಅಷ್ಟು ಗೊತ್ತಾಗಲ್ವಾ?” ನಿಜ ಹೇಳಿಬಿಡಬಹುದಿತ್ತು, ನಾಲ್ಕು ಜನ ನಂಬುತ್ತಿದ್ದರೇನೋ. ಅವಳಿಗೆ ಬೇಕಿದ್ದದ್ದು ನಾಲ್ಕು ಜನರ ನಂಬಿಕೆಯಲ್ಲ. ಅವನ ಬಾಯಿ. ಆ ಬಾಯಿಂದಲೇ ಬರಬೇಕು.

ಹಾಗೆ ಶುರುವಾದವು ಈ ಗುರುವಾರಗಳು. ಅಸಲಿ, ನಕಲಿ ಎರಡನ್ನೂ ಅವಳೇ ಸುತ್ತಿ ತರುತ್ತಿದ್ದಳು.

“ಮೇಡಂ,” ಎಂದ ಮೇಸ್ತ್ರಿ ಈಗ, ದನಿ ತಗ್ಗಿಸಿ. “ಸರಿನೋ ತಪ್ಪೋ, ಅಷ್ಟಾದ್ರೂ ಹೇಳ್ಬಾರ್ದಾ? ನಂಗೆ ಎಂಬತ್ತೊಂದು. ಆ ಬ್ಯಾಂಡು ಕಣ್ಣಾರೆ ನೋಡಿ ಹೋಗ್ಬೇಕು ಅಂತ ಆಸೆ.”

“ನೋಡ್ತೀರಾ? ತಂದಿದೀನಿ.”

ಅವಳು ಬ್ಯಾಗಿನಿಂದ ಒಂದು ಲಕೋಟೆ ತೆಗೆದು, ಅದರೊಳಗಿನ ಬ್ಯಾಂಡನ್ನು ಮೇಜಿನ ಮೇಲೆ ಬಿಡಿಸಿಟ್ಟಳು. ಚಿನ್ನದ ಅಂಚು, ನಡುವೆ ಮೊಟ್ಟೆಯಾಕಾರದ ಚೌಕಟ್ಟು, ಅದರಲ್ಲಿ ಮೇಸ್ತ್ರಿ! ಕನ್ನಡಕ, ಮೀಸೆ, ಎಲ್ಲ ಅಚ್ಚುಕಟ್ಟು. ಮಗಳು ಎದ್ದು ಬಂದು ಅಪ್ಪನ ಹೆಗಲ ಮೇಲೆ ಕೈ ಇಟ್ಟಳು. “ಅಪ್ಪಾ! ಎಷ್ಟು ಚೆನ್ನಾಗಿ ಬಂದಿದೀರಿ!” ಮುದುಕನ ಬೆರಳು ಆ ಕಾಗದದ ಅಂಚನ್ನು ಸವರಿತು, ಹಸುಗೂಸಿನ ಕೆನ್ನೆ ಸವರಿದ ಹಾಗೆ.

“ಇವತ್ತೇ ಸಹಿ ಹಾಕ್ತೀನಿ,” ಎಂದಳು ಎಡಚಿ. “ಗುರುತು ಹಿಡಿಯೋದೆಲ್ಲ ಬೇಡ. ನೀವೇ ಒಂದು ಹನ್ನೊಂದು ಸುತ್ತಿಕೊಡಿ. ಹೊರಗಿನ ಹೊದಿಕೆ ಬೇಡ, ಒಳಗಿಂದು ಸಾಕು.”

ಹೇಳುತ್ತಲೇ ಅವಳು ಒಂದು ತಗಡಿನ ಡಬ್ಬಿ ತೆರೆದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೂರು ತರದ ಎಲೆ, ಮೇಲೆ ಕಟ್ಟಲಿಕ್ಕೆ ಇನ್ನೊಂದು. ಬಾಗಿದ ಪುಟ್ಟ ಚಾಕು, ಮರದ ಹಲಗೆ. ಆ ಊಟದ ಡಬ್ಬಿಯನ್ನು ಅವಳು ಮೂವತ್ತನಾಲ್ಕು ವರ್ಷ ಜೋಪಾನ ಮಾಡಿದ್ದಳು. ಮೇಸ್ತ್ರಿ ಅದನ್ನು ನೋಡಿದ. ಅವನಿಗೆ ಅದು ಬರೀ ಡಬ್ಬಿ.

ಒಂದು ಮಾತು ಒಪ್ಪಲೇಬೇಕು, ಮುದುಕ ಕೆಲಸಗಾರ! ಎಲೆ ಕೈಗೆ ಸಿಕ್ಕಿದ ಕೂಡಲೇ ಬೆನ್ನು ನೆಟ್ಟಗಾಯಿತು, ನಡುಗುತ್ತಿದ್ದ ಬೆರಳು ನಿಂತಿತು. ಕೆಳಗಿನ ಎಲೆ ಮಡಿಸಿದ, ನಡುವಿನದನ್ನು ಸೇರಿಸಿದ, ಖಾರದ ಎಲೆಯನ್ನು ಅರ್ಧ ಕಿತ್ತು, ತೂಕ ಅಂಗೈಯಲ್ಲೇ ಅಂದಾಜು ಮಾಡಿ, ಅವುಗಳ ನಡುವೆ ಇಟ್ಟ. ತುದಿ ಬೆಂಕಿಯ ಕಡೆ. ನೇರ. ಎಲ್ಲರೂ ಇಡುವ ಹಾಗೆ. ಎಡಚಿ ಮುಂದೆ ಬಾಗಿ ನೋಡುತ್ತಿದ್ದಳು. ಎಲೆ ಆ ದಿಕ್ಕಿಗೆ ಬಿದ್ದ ಕ್ಷಣ ಅವಳೊಳಗೆ ಏನೋ ಒಂದು ಟಕ್ಕೆಂದು ಕೂತಿತು, ಕೀಲಿ ತಿರುಗಿದ ಹಾಗೆ.

“ತಗೊಳ್ಳಿ!” ಎಂದ ಮೇಸ್ತ್ರಿ, ಆರು ವಾರದಲ್ಲಿ ಮೊದಲ ಸಲ ಹಲ್ಲು ಬಿಟ್ಟು. “ಹನ್ನೊಂದು!”

ಎಡಚಿ ಮಡಿಲಿನಿಂದ ಎಡಗೈ ಎತ್ತಿದಳು. ಈ ಮನೆಯಲ್ಲಿ ಮೊಟ್ಟಮೊದಲ ಸಲ. ಚಾಕುವನ್ನು ಎಡಗೈಯಲ್ಲಿ ಹಿಡಿದು, ಅವನು ಸುತ್ತಿದ್ದನ್ನು ಉದ್ದಕ್ಕೆ ಸರ್ರನೆ ಸೀಳಿದಳು. ಆಮೇಲೆ ಅಸಲಿಯನ್ನೂ ಸೀಳಿ, ಎರಡನ್ನೂ ಹೊಟ್ಟೆ ತೆರೆದು ಪಕ್ಕಪಕ್ಕ ಮಲಗಿಸಿ, ಅಸಲಿಯ ಖಾರದ ಎಲೆ ಕಾಣದಂತೆ ಅಂಗೈ ಮುಚ್ಚಿದಳು.

ಮೇಸ್ತ್ರಿ ಸಿಗಾರ್ ನೋಡುತ್ತಿರಲಿಲ್ಲ. ಕೈ ನೋಡುತ್ತಿದ್ದ. ಆಮೇಲೆ ಡಬ್ಬಿ. ಆಮೇಲೆ ಮುಖ.

“ಎಡಚಿ,” ಎಂದ.

“ಉಗುರು ಕತ್ತರಿಸ್ಕೊಂಡೇ ಬಂದಿದೀನಿ, ನೋಡಿ,” ಎಂದಳು ಅವಳು.

“ಯಾರಪ್ಪಾ ಎಡಚಿ ಅಂದ್ರೆ?” ಮಗಳು ಕೇಳಿದಳು. “ಯಾರು?”

“ಯಾರೂ ಇಲ್ಲ ಕಣಮ್ಮಾ, ಹಳೇ ಕತೆ... ಮೇಡಂ, ಅದೆಲ್ಲ ಈಗ ಯಾಕೆ, ಅವತ್ತಿನ ಪರಿಸ್ಥಿತಿ...”

“ನೀವು ಸುತ್ತಿದ್ದು ಹನ್ನೊಂದಲ್ಲ ಮೇಸ್ತ್ರಿಗಳೇ. ಎಲೆ ಸರಿ, ತೂಕ ಸರಿ, ಕೈ ನನಗಿಂತ ಚೆನ್ನಾಗಿದೆ. ಆದ್ರೂ ಅಲ್ಲ. ಏನು ಬಿಟ್ರಿ ಹೇಳಿ. ಹೇಳಿದ್ರೆ ಈ ಕ್ಷಣ ಸಹಿ ಹಾಕ್ತೀನಿ, ನಿಮ್ಮ ಮುಖ ಮೂರು ದೇಶಕ್ಕೆ ಹೋಗುತ್ತೆ.”

ಮುದುಕ ತಾನು ಸುತ್ತಿದ್ದನ್ನು ನೋಡಿದ, ಅವಳ ಅಂಗೈ ನೋಡಿದ. ಹಣೆಯ ಬೆವರು ಕನ್ನಡಕದ ಮೇಲೆ ತೊಟ್ಟಿಕ್ಕಿತು. ಮೂವತ್ತನಾಲ್ಕು ವರ್ಷ ಅವನನ್ನೂ ಇದೇ ಪ್ರಶ್ನೆ ಒಳಗಿಂದ ಕೊರೆದಿತ್ತು ಅನ್ನುವುದು ಎಡಚಿಗೆ ಆಗಲೇ ಹೊಳೆದದ್ದು. ಆಹಾ! ಅಷ್ಟು ವರ್ಷವೂ ಅವಳಿಗೆ ಗೊತ್ತಿಲ್ಲದೆಯೇ ಅವಳ ಸೇಡು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡು ಹೋಗಿತ್ತು!

“ಗೊತ್ತಿಲ್ಲ,” ಎಂದ.

“ಕೇಳಿಸ್ಲಿಲ್ಲ.”

“ನಂಗೆ ಗೊತ್ತಿಲ್ಲ! ಯಾವತ್ತೂ ಗೊತ್ತಿರ್ಲಿಲ್ಲ! ನಾನು ಮಾಡಿದ್ದಲ್ಲ ಅದು. ನಿಂದು. ಸಾಕಾ?”

“ಡಬ್ಬಿ?”

ಅವನು ಮಗಳ ಕಡೆ ನೋಡಿದ, ಬೇಡ ಅನ್ನುವ ಹಾಗೆ. ಎಡಚಿ ಕಾದಳು. ಕಾಯುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

“ಡಬ್ಬಿಗೆ ಹಾಕಿದ್ದೂ ನಾನೇ.”

ಮಗಳ ಕೈ ಅಪ್ಪನ ಹೆಗಲಿನಿಂದ ಜಾರಿತು. ಆಮೇಲೆ, ಯಾರಿಗೂ ಅಲ್ಲ ಅನ್ನುವ ಹಾಗೆ, “ಐದನೇ ಕ್ಲಾಸಲ್ಲಿ ‘ನನ್ನ ಅಪ್ಪ’ ಅಂತ ಈ ಹನ್ನೊಂದರ ಕತೇನೇ ಬರೆದು ಬಹುಮಾನ ತಗೊಂಡಿದ್ದೆ,” ಎಂದಳು. ಎಡಚಿಗೆ ಎಲ್ಲೋ ಸಣ್ಣಗೆ ಚುಚ್ಚಿತು. ಈ ಹುಡುಗಿ ಏನು ಮಾಡಿದ್ದಳು? ಆದರೆ ಸ್ಟೂಲಿನ ಮೇಲೆ ನಿಂತಿದ್ದ ಹುಡುಗಿಯೂ ಏನೂ ಮಾಡಿರಲಿಲ್ಲ. ಎಡಚಿ ಹಿಂದೆ ಸರಿಯಲಿಲ್ಲ.

“ಎರಡನ್ನೂ ಬರೆದುಕೊಡಿ,” ಎಂದಳು. “ಬೋರ್ಡಿಗೆ.”

ಮೇಸ್ತ್ರಿ ಪೆನ್ನಿಗಾಗಿ ಮೇಜೆಲ್ಲ ತಡಕಿದ. ಸಿಗಲಿಲ್ಲ. ಆಗ ಮಗಳು, ಮುಖ ಆ ಕಡೆ ತಿರುಗಿಸಿಕೊಂಡೇ, ತನ್ನ ಕೆಂಪು ಪೆನ್ನನ್ನು ಅವನ ಮುಂದಿಟ್ಟಳು. ಎರಡೇ ಸಾಲು. ಕೆಳಗೆ ಸಹಿ. ಎಡಚಿ ಅದನ್ನು ಓದಿ, ಮಡಿಸಿ, ನೋಟ್‌ಬುಕ್ಕಿನಲ್ಲಿಟ್ಟುಕೊಂಡಳು. ಬ್ಯಾಂಡನ್ನು ಮಾತ್ರ ಅವನ ಕಡೆ ಸರಿಸಿದಳು. “ಇದನ್ನ ಇಟ್ಕೊಳ್ಳಿ. ಅಚ್ಚು ಹಾಕಿದ್ದು ಇದೊಂದೇ.”

ಅವಳು ಎದ್ದಾಗ ಮುದುಕ ಅವಳ ಸೆರಗು ಹಿಡಿಯುವಷ್ಟು ಮುಂದೆ ಬಾಗಿದ. “ಏನದು? ಹೇಳಿ ಹೋಗಮ್ಮಾ. ಎಲ್ಲಾ ಬರೆದುಕೊಟ್ನಲ್ಲ. ಏನು ಬಿಟ್ಟೆ ನಾನು? ಅದೊಂದು ತಿಳ್ಕೊಳ್ದೆ ನಂಗೆ ನಿದ್ದೆ ಬರಲ್ಲ.”

ಅವಳು ಅಸಲಿಯನ್ನು ಅಂಗೈಯಲ್ಲೇ ಪುಡಿಪುಡಿ ಮಾಡಿ ಬೂದಿ ತಟ್ಟೆಗೆ ಸುರಿದಳು. ಖಾರದ ಎಲೆ ಯಾವುದು, ದಿಕ್ಕು ಯಾವುದು, ದೇವರಿಗೂ ತಿಳಿಯದ ಹಾಗೆ.

“ಕಲಿಸ್ತೀನಿ,” ಎಂದಳು. “ಹೇಳಲ್ಲ, ಕಲಿಸ್ತೀನಿ. ಎದುರಿಗೆ ಕೂತು ನನ್ನ ಕೈ ನೋಡ್ತಾ ನೀವು ಸುತ್ತಿ, ನಾನು ಸೀಳಿ ನೋಡ್ತೀನಿ. ಸರಿ ಬರೋವರೆಗೂ ಸುತ್ತಿ. ಮುಂದಿನ ಗುರುವಾರ ಬರ್ತೀನಿ ಮೇಸ್ತ್ರಿಗಳೇ. ಉಗುರು ಕತ್ತರಿಸ್ಕೊಂಡಿರಿ.”

ಹೊರಗೆ ಮರದ ನೆರಳಲ್ಲಿ ಕಾರು. ಒಳಗೆ ಅಕ್ಕ, ಕಾಲ ಮೇಲೆ ಪತ್ರಿಕೆಯ ಪದಬಂಧ ಹರಡಿಕೊಂಡು. ಆರು ವಾರವೂ ಬರುತ್ತಿದ್ದಳು, ಆರು ವಾರವೂ ಇಳಿದಿರಲಿಲ್ಲ.

“ಏನೇ, ಇವತ್ತೂ ಆ ಮುದುಕನ ಜೀವ ಹಿಂಡಿ ಬಂದ್ಯಾ?”

ಎಡಚಿ ಕಾಗದ ಕೊಟ್ಟಳು. ಅಕ್ಕ ಕನ್ನಡಕ ಮೂಗಿನ ತುದಿಗೆ ಜಾರಿಸಿ ಓದಿದಳು. ಮತ್ತೊಮ್ಮೆ ಓದಿದಳು.

“ಕೆಂಪಲ್ಲಿ ಯಾಕೆ ಬರೆದಿದಾನೆ?”

“ಮಗಳು ಟೀಚರ್ರು.”

“ಎಷ್ಟು ಮಾರ್ಕ್ಸ್ ಕೊಟ್ಳಂತೆ?”

ಇಬ್ಬರೂ ನಕ್ಕರು, ಬೆಂಚಿನ ಆಚೆ ಈಚೆ ಕೂತು ಮೇಸ್ತ್ರಿ ಅತ್ತ ಹೋದಾಗ ನಗುತ್ತಿದ್ದ ಹಾಗೆ, ಬಾಯಿ ಮುಚ್ಚಿಕೊಂಡು, ಹೆಗಲು ಕುಲುಕಿಸಿಕೊಂಡು. ನಗು ನಿಂತ ಮೇಲೆ ಅಕ್ಕ ಕಿಟಕಿಯಾಚೆ ಆ ಮನೆಯ ಗೇಟನ್ನೇ ನೋಡುತ್ತ ಕೂತಳು.

“ಎಲೆ ವಿಷ್ಯ ಹೇಳ್ಬಿಟ್ಯಾ?”

“ಇಲ್ಲ. ಕಲಿಸ್ತೀನಿ ಅಂದೆ. ಎದುರಿಗೆ ಕೂತು ನೋಡಿ ಕಲೀಲಿ, ನಾನು ಕಲಿತ ಹಾಗೆ.”

“ಎಷ್ಟು ವಾರ ಹಿಡಿಯುತ್ತೆ?”

“ಅವನ ಪುಣ್ಯ. ನಂಗೇನು ಅವಸರ.”

ಅಕ್ಕ ಪದಬಂಧ ಮಡಿಸಿ ಚೀಲಕ್ಕೆ ತುರುಕಿದಳು. “ಮುಂದಿನ ವಾರ ನಾನೂ ಒಳಗೆ ಬರ್ತೀನಿ. ಅವನ ಎದುರಿಗೆ ನಾನೇ ಕೂರ್ತೀನಿ. ಅವತ್ತು ತಲೆ ತಗ್ಗಿಸಿ ಹೋದೆನಲ್ಲ, ಈ ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು.” ಚೀಲದ ಬಾಯಿ ಮುಚ್ಚಿ, “ನಿನ್ನ ಸ್ಟೂಲು ಆ ಹಳೇ ಹಾಲಲ್ಲಿ ಸಿಕ್ತು ಅಂದ್ಯಲ್ಲ, ಎಲ್ಲಿದೆ?”

“ಡಿಕ್ಕಿಯಲ್ಲೇ ಇದೆ, ಮೊದಲನೇ ವಾರದಿಂದ.”

“ಅದನ್ನೂ ಒಳಗೆ ತಗೊಂಡು ಹೋಗೋಣ. ನಿಲ್ಲಿಸೋದು ಬೇಡ, ಬಿದ್ದು ಸೊಂಟ ಮುರ್ಕೊಂಡಾನು. ಅದರ ಮೇಲೆ ಕೂತು ಸುತ್ಲಿ.”

“ಆಯ್ತು.”

“ಎಷ್ಟು ಗಂಟೆಗೆ?”

“ನಾಲ್ಕಕ್ಕೆ, ಎಂದಿನ ಹಾಗೆ.”

“ನಾಲ್ಕೂವರೆಗೆ ಹೋಗೋಣ ಕಣೇ,” ಎಂದಳು ಅಕ್ಕ, ಸೀಟಿಗೆ ಒರಗಿ ಕಣ್ಣು ಮುಚ್ಚುತ್ತ. “ಅರ್ಧ ಗಂಟೆ ಕಾದು ಕೂರ್ಲಿ.”